ಬೋರ್ ನೀರಿನ ಮನೆಗೆ ಸೋಲಾರ್ ಹಾಕಿಸುವವರೇ, ದಯವಿಟ್ಟು ಇದನ್ನು ಓದಿ

ಮನೆಗೆ ಬೋರ್ ನೀರು ಬರುತ್ತಿದ್ದರೆ ಸೋಲಾರ್ ವಾಟರ್ ಹೀಟರ್‌ಗೆ ಅಡ್ವಾನ್ಸ್ ಕೊಡುವ ಮೊದಲು ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಥ ಅಂಶ ಎಷ್ಟಿದೆ ಅಂತ, ಪರೀಕ್ಷೆ ಮಾಡಿಸಿ. ತುಮಕೂರಿನಲ್ಲಿ ನಮ್ಮ ಅಪ್ಪ ಅಮ್ಮ ಪಟ್ಟ ಪಾಡು ನೋಡಿ ಬರೆಯುತ್ತಿದ್ದೇನೆ.

ಆ ಮನೆಯ ನೀರು ಎಂಥದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ನಲ್ಲಿಗೆ, ಬಕೆಟ್ಟಿಗೆ, ಕಾಯಿಸುವ ಪಾತ್ರೆಗೆ ಬಿಳಿ ಕಟ್ಟಿರುತ್ತದೆ. ಮಾರಲು ಬಂದವನು ಅದನ್ನು ನೋಡಿಯೇ ಹೇಳಿದ್ದು: "ಯಜಮಾನ್ರೇ, ಇದು ತಾಮ್ರದ ಪ್ಯಾನಲ್, ಇಪ್ಪತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ." ಹಾಕಿ ಹೋಗಿದ್ದು ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರನ್ನು ಪ್ಯಾನಲ್‌ಗೆ ಬಿಡದೆ ಬಿಸಿಯನ್ನಷ್ಟೇ ದಾಟಿಸುವ ಭಾಗ) ಇಲ್ಲದ ಸಾದಾ ಫ್ಲಾಟ್ ಪ್ಲೇಟ್, ಅಂದರೆ ಚಪ್ಪಟೆ ಪ್ಯಾನಲ್ಲಿನ ಹೀಟರ್.

ಈ ಮಾದರಿಯಲ್ಲಿ ನಾವು ಸ್ನಾನ ಮಾಡುವ ನೀರೇ ಪ್ಯಾನಲ್ ಒಳಗೆ ಹರಿಯುತ್ತದೆ. ಕಪ್ಪು ಹಾಳೆಗೆ ಅಂಟಿದ ತಾಮ್ರದ ಕೊಳವೆಗಳಲ್ಲಿ ಬಿಸಿಯಾದ ನೀರು ಹಗುರಾಗಿ ಮೇಲಿನ ಟ್ಯಾಂಕ್ ಸೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ನಿಜವಾಗಿಯೂ ಒಳ್ಳೆಯ ವಸ್ತು. ಆದರೆ ಆ ಕೊಳವೆಗಳು ಕಿರುಬೆರಳಿನಷ್ಟು ದಪ್ಪ ಮಾತ್ರ. ಗಡಸು ನೀರು ಬಿಸಿಯಾದಷ್ಟೂ ಅದರಲ್ಲಿರುವ ಸುಣ್ಣ ಒಳಗೋಡೆಗೆ ಅಂಟುತ್ತಾ ಹೋಗುತ್ತದೆ. ಹರಿವು ಕಡಿಮೆಯಾಗಿ, ಕೊನೆಗೆ ನಿಂತೇ ಹೋಗುತ್ತದೆ.

ನಮ್ಮಲ್ಲೂ ಆಗಿದ್ದು ಅದೇ. ಆದರೆ ಬಹಳ ದಿನ ಯಾರಿಗೂ ಗೊತ್ತಾಗಲೇ ಇಲ್ಲ. ಯಾಕೆಂದರೆ ಟ್ಯಾಂಕ್ ಒಳಗೆ ಮೋಡದ ದಿನಕ್ಕೆಂದು ಕರೆಂಟ್ ಕಾಯಿಲ್ ಇರುತ್ತದಲ್ಲ, "ಅದರ ಸ್ವಿಚ್ ಹಾಕೇ ಇರಲಿ, ತಾನಾಗೇ ಆಫ್ ಆಗುತ್ತೆ" ಅಂತ ಅವನೇ ಹೇಳಿ ಹೋಗಿದ್ದ. ಬಿಸಿಲು ಮಾಡಬೇಕಾದ ಕೆಲಸವನ್ನು ಕಾಯಿಲ್ ಮಾಡುತ್ತಿತ್ತು. ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು, ಬಿಲ್ ಏರುತ್ತಿತ್ತು. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 8 ಯೂನಿಟ್ ಬೇಕು. ದಿನಾ ಅಷ್ಟು ಹೋದರೆ ಸೋಲಾರ್ ಹಾಕಿಸಿ ಏನು ಪ್ರಯೋಜನ? ಪಿಂಚಣಿ ದುಡ್ಡಲ್ಲಿ ಸಂಸಾರ ನಡೆಸುವವರಿಗೆ ಹೀಗೆ ಮಾಡಿದ್ದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಬೇರೆ ಮೆಕ್ಯಾನಿಕ್ ಬಂದು ಬಿಚ್ಚಿದಾಗ ಕೊಳವೆಗಳ ಬಾಯಿ ಬಿಳಿ ಗಟ್ಟಿಯಿಂದ ಮುಚ್ಚಿಹೋಗಿತ್ತು. ಆಸಿಡ್ ಹಾಕಿ ತೊಳೆದರೂ ಪೂರ್ತಿ ಬಿಡಲಿಲ್ಲ, ಪ್ಯಾನಲ್ಲೇ ಬದಲಾಯಿಸಬೇಕಾಯಿತು. ವಾರಂಟಿ ಕೇಳಿದರೆ ಕಾರ್ಡಿನ ಹಿಂದಿನ ಸಣ್ಣ ಅಕ್ಷರ ತೋರಿಸಿದರು: ಗಡಸು ನೀರಿನಿಂದ ಆದ ತೊಂದರೆಗೆ ಅನ್ವಯಿಸುವುದಿಲ್ಲ. ಮಾರುವಾಗ ಈ ಮಾತು ಬಂದಿರಲೇ ಇಲ್ಲ.

ನೀರು ಪರೀಕ್ಷೆ ಅಂದರೆ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನೋಡುವುದಲ್ಲ. ಅದು ಕರಗಿದ ಲವಣವನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಲ್ಯಾಬ್‌ನಲ್ಲಿ 'ಒಟ್ಟು ಗಡಸುತನ' ಕೇಳಿ. ಕುಡಿಯುವ ನೀರಿಗೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಕಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 600. ನಿಮ್ಮದು ಜಾಸ್ತಿ ಇದ್ದರೆ ಹೀಟ್ ಎಕ್ಸ್‌ಚೇಂಜರ್ ಇರುವ ಫ್ಲಾಟ್ ಪ್ಲೇಟ್ ಕೇಳಿ. ಅದರಲ್ಲಿ ಪ್ಯಾನಲ್ ಒಳಗೆ ಬೇರೆ ಒಳ್ಳೆಯ ನೀರು ಸುತ್ತುತ್ತಿರುತ್ತದೆ, ಬೋರ್ ನೀರು ಅಲ್ಲಿಗೆ ಹೋಗುವುದೇ ಇಲ್ಲ. ಬೆಲೆ ಜಾಸ್ತಿ, ನಿಜ. ಗಾಜಿನ ಟ್ಯೂಬ್‌ಗಳ ಮಾದರಿಯೂ ಇದೆ. ಟ್ಯೂಬ್ ಅಗಲವಾಗಿರುವುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ, ಆದರೆ ಆಗಾಗ ತೊಳೆಸಬೇಕು.

ಯಾವುದೇ ತೆಗೆದುಕೊಳ್ಳಿ, ನಿಮ್ಮ ನೀರಿನ ಗಡಸುತನದ ಅಂಕಿಯನ್ನೂ ಅದಕ್ಕೆ ವಾರಂಟಿ ಇದೆ ಎಂಬುದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅವರ ಹತ್ತಿರ ತಗೋಬೇಡಿ. ಹೊಸ ಮನೆ ಕೊಳ್ಳುವವರೂ ವಿಚಾರಿಸಿ. ಕರೆಂಟ್ ಕನೆಕ್ಷನ್‌ಗೆ ಸೋಲಾರ್ ಇರಬೇಕು ಅಂತ ಸುಮ್ನೆ ಅಗ್ಗದ್ದೊಂದನ್ನು ತಾರಸಿಗೆ ಏರಿಸುವ ಬಿಲ್ಡರ್‌ಗಳಿದ್ದಾರೆ.

ಈಗಾಗಲೇ ಹಾಕಿಸಿರುವವರು ಒಂದು ಕೆಲಸ ಮಾಡಿ. ಹಿಂದಿನ ರಾತ್ರಿ ಕಾಯಿಲ್ ಸ್ವಿಚ್ ಆರಿಸಿ, ಚೆನ್ನಾಗಿ ಬಿಸಿಲಿರುವ ದಿನ ಸಂಜೆ ನಾಲ್ಕರ ಹೊತ್ತಿಗೆ ನಲ್ಲಿ ಬಿಡಿ. ನೀರು ಉಗುರು ಬೆಚ್ಚಗಷ್ಟೇ ಇದ್ದರೆ, ಅಪ್ಪ ಅಮ್ಮನ ಮನೆಯ ಥರ ಬಿಲ್ ಏರುವ ತನಕ ಕಾಯದೆ ಪ್ಯಾನಲ್ ಬಿಚ್ಚಿಸಿ ನೋಡಿ.