ಹಳೆಯ ಮರ್ಸಿಡಿಸ್ ಇ 250 ಸಿಡಿಐ: ಕಲಬುರಗಿಯಲ್ಲಿ ಕೊಳ್ಳುವ ಮುನ್ನ ಒಂದು ಪರಿಶೀಲನೆ

ಮರ್ಸಿಡಿಸ್-ಬೆನ್ಝ್ ಇ-ಕ್ಲಾಸ್‌ನ ಡಬ್ಲ್ಯು 212 ಪೀಳಿಗೆಯ ಕಾರುಗಳು 2009ರಿಂದ 2016ರವರೆಗೆ ತಯಾರಾದವು. ಪುಣೆ ಸಮೀಪದ ಚಾಕಣ್ ಕಾರ್ಖಾನೆಯಲ್ಲಿ ಜೋಡಣೆಯಾಗಿ, ಹೊಸದಿದ್ದಾಗ 40 ಲಕ್ಷ ರೂಪಾಯಿಗೂ ಮೀರಿ ಮಾರಾಟವಾದ ಈ ಕಾರು ಇಂದು ಹೊಸ ಸಣ್ಣ ಕಾರೊಂದರ ಬೆಲೆಗೆ ಸಿಗುತ್ತದೆ. ಕೊಳ್ಳುವವರನ್ನು ಸೆಳೆಯುವುದೂ ಅವರ ಎಚ್ಚರ ತಪ್ಪಿಸುವುದೂ ಈ ಬೆಲೆಯೇ. ತೊಗರಿ ವ್ಯಾಪಾರ ಮಾಡುವ ನಮ್ಮ ಭಾವನವರು ಇಂಥದೊಂದನ್ನು ಮೆಚ್ಚಿಕೊಂಡಿದ್ದರಿಂದ, ಕಲಬುರಗಿಯ ರಿಂಗ್ ರಸ್ತೆಯ ಬಳಿ ಹಳೆ ಕಾರುಗಳ ವ್ಯಾಪಾರ ಮಾಡುವವರೊಬ್ಬರ ಅಂಗಳದಲ್ಲಿ ನಿಂತಿದ್ದ 2012ರ ಇ 250 ಸಿಡಿಐಯನ್ನು ಪರಿಚಯದ ಮಿಸ್ತ್ರಿಯೊಬ್ಬರೊಂದಿಗೆ ಹೋಗಿ ಪರಿಶೀಲಿಸಿದೆ. ಕೇಳಿದ ಬೆಲೆ 7.75 ಲಕ್ಷ, ಮೀಟರ್ ತೋರಿಸುತ್ತಿದ್ದುದು 84 ಸಾವಿರ ಕಿಲೋಮೀಟರ್, ನಂಬರು ತೆಲಂಗಾಣ ರಾಜ್ಯ ರಚನೆಯಾಗುವುದಕ್ಕೂ ಮೊದಲಿನ, ಹೈದರಾಬಾದಿನ ಎಪಿ 09. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಎಂಜಿನ್ ಮತ್ತು ಬಾಡಿ ಗಟ್ಟಿಯಾಗಿವೆ, ಆದರೆ 2018ರಿಂದೀಚೆಗೆ ಕಾರನ್ನು ಹೇಗೆ ನೋಡಿಕೊಳ್ಳಲಾಯಿತು ಎಂಬುದಕ್ಕೆ ಒಂದು ಬಿಲ್ಲೂ ಇಲ್ಲದ ಕಾರಣ ಈ ಬೆಲೆಗೆ ಅದನ್ನು ಕೊಳ್ಳತಕ್ಕದ್ದಲ್ಲ.

ಬಾನೆಟ್‌ನ ಕೆಳಗಿರುವುದು ಓಎಂ 651 ಎಂಬ ಹೆಸರಿನ, 2143 ಸಿಸಿಯ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಎರಡು ಹಂತದ ಟರ್ಬೊ ಜೋಡಿಸಿರುವ ಇದು 204 ಅಶ್ವಶಕ್ತಿಯನ್ನೂ 500 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಈ ಎಂಜಿನ್ನಿನಲ್ಲಿ, ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಚೈನ್ ಮುಂಭಾಗದಲ್ಲಿರದೆ ಗೇರ್‌ಬಾಕ್ಸಿನ ಕಡೆಗಿದೆ. ಆದ್ದರಿಂದ ಅದು ಸಡಿಲವಾದರೆ ರಿಪೇರಿ ಸಣ್ಣ ಗ್ಯಾರೇಜಿನ ಕೈಗೆ ಎಟುಕುವುದಿಲ್ಲ, ಖರ್ಚೂ ದೊಡ್ಡದು. ಚೈನಿನ ಸ್ಥಿತಿ ತಿಳಿಯುವುದಕ್ಕೆ ಇರುವ ಸುಲಭ ಉಪಾಯವೆಂದರೆ, ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನಮ್ಮೆದುರಿಗೇ ಮೊದಲ ಸಲ ಚಾಲೂ ಮಾಡಿಸಿ, ಮೊದಲ ಕೆಲವು ಕ್ಷಣಗಳ ಸದ್ದನ್ನು ಕಿವಿಗೊಟ್ಟು ಕೇಳುವುದು. "ತಣ್ಣಗಿದ್ದಾಗ ಕೇಳ್ರಿ ಸರ್, ಬಿಸಿ ಆದಮ್ಯಾಲ ಎಲ್ಲಾ ಗಾಡಿನೂ ಸುಮ್ಮನಾಗ್ತಾವ್ರಿ" ಎಂದು ಮಿಸ್ತ್ರಿ ಹೇಳಿದ್ದು ಇದೇ ಕಾರಣಕ್ಕೆ. ನಾವು ಹೋಗುವ ಹೊತ್ತಿಗೆ ಕಾರು ಚಾಲೂ ಇದ್ದರೆ ಅಥವಾ ಬಾನೆಟ್ ಬೆಚ್ಚಗಿದ್ದರೆ, ವ್ಯಾಪಾರಿ ಎಷ್ಟೇ ವಿನಯದಿಂದ ಚಹಾ ತರಿಸಿದರೂ ಪರಿಶೀಲನೆಯನ್ನು ಇನ್ನೊಂದು ದಿನಕ್ಕೆ ಮುಂದೂಡುವುದು ಒಳ್ಳೆಯದು. ಈ ಕಾರಿನಲ್ಲಿ ಚೈನಿನ ಕಟಕಟ ಸದ್ದು ಬರಲಿಲ್ಲ, ಸೈಲೆನ್ಸರಿನಿಂದ ನೀಲಿ ಹೊಗೆಯೂ ಏಳಲಿಲ್ಲ. ಓಎಂ 651 ಎಂಜಿನ್ನಿನ ಮೊದಲ ವರ್ಷಗಳ ಕಾರುಗಳಲ್ಲಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ, ಡೆಲ್ಫಿ ಕಂಪನಿಯ ಪೀಝೋ ಇಂಜೆಕ್ಟರುಗಳು ಕೆಟ್ಟು ಬದಲಾಯಿಸಬೇಕಾಗಿ ಬಂದದ್ದು ಎಲ್ಲರಿಗೂ ತಿಳಿದಿರುವ ವಿಷಯವಾದ್ದರಿಂದ, ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಸಿ ಇಂಜೆಕ್ಟರುಗಳ ಬುಡವನ್ನೂ ನೋಡಿದೆವು. ಅಲ್ಲಿ ಡಾಂಬರಿನಂಥ ಕಪ್ಪು ಪದಾರ್ಥ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸೀಲ್ ಸೋರುತ್ತಿದೆ ಎಂದರ್ಥ. ಇಲ್ಲಿ ಅದು ಕಾಣಲಿಲ್ಲ.

ಡೀಸೆಲ್ ಕಾರು ಯಾವ ಊರಿನ ಪಂಪಿನಲ್ಲಿ ಎಣ್ಣೆ ಕುಡಿದು ಬೆಳೆಯಿತು ಎಂಬುದನ್ನೂ ಗಮನಿಸಬೇಕು. 2010ರಲ್ಲಿ ಮೊದಲಿಗೆ ದೇಶದ 13 ನಗರಗಳಲ್ಲಿ ಮಾತ್ರ ಬಿಎಸ್ 4, ಅಂದರೆ ಭಾರತ್ ಸ್ಟೇಜ್ 4 ಮಾಲಿನ್ಯ ಮಾನದಂಡದ ಡೀಸೆಲ್ ದೊರೆಯುತ್ತಿತ್ತು. ಹೈದರಾಬಾದ್, ಬೆಂಗಳೂರು, ಪುಣೆಗಳ ಜೊತೆಗೆ ನಮ್ಮ ಪಕ್ಕದ ಸೊಲ್ಲಾಪುರವೂ ಆ ಪಟ್ಟಿಯಲ್ಲಿತ್ತು, ಕಲಬುರಗಿ ಇರಲಿಲ್ಲ. ಬಿಎಸ್ 4 ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗ, ಬಿಎಸ್ 3ರಲ್ಲಿ 350 ಭಾಗ. ಗಂಧಕ ಹೆಚ್ಚಿದ್ದಷ್ಟೂ ಎಂಜಿನ್ ಆಯಿಲ್ ಬೇಗ ಕೆಡುತ್ತದೆ. ಹೀಗಾಗಿ ಅದೇ ವರ್ಷಗಳಲ್ಲಿ ಇಲ್ಲಿಯೇ ಓಡಿದ ಕೆಎ 32 ನಂಬರಿನ ಕಾರಾಗಿದ್ದರೆ, ಆಯಿಲ್ ಎಷ್ಟೆಷ್ಟು ದಿನಕ್ಕೆ ಬದಲಾಯಿತು ಎಂಬುದನ್ನು ಇನ್ನೂ ಕಟ್ಟುನಿಟ್ಟಾಗಿ ವಿಚಾರಿಸುತ್ತಿದ್ದೆ. ಹೈದರಾಬಾದಿನ ಕಾರು ಎಂಬುದು ಈ ಒಂದು ವಿಷಯದಲ್ಲಿ ಅನುಕೂಲವಾಯಿತು.

ಇನ್ನೊಂದು ವಿಷಯದಲ್ಲಿ ಅದೇ ಹೈದರಾಬಾದ್ ಸಂಶಯಕ್ಕೆ ಕಾರಣ. 2020ರ ಅಕ್ಟೋಬರಿನಲ್ಲಿ ಆ ನಗರದಲ್ಲಿ ಬಿದ್ದ ಮಳೆಗೆ ಬಡಾವಣೆಗಳೇ ಮುಳುಗಿದ್ದವು; ಅದೇ ತಿಂಗಳು ಭೀಮಾ ನದಿ ಉಕ್ಕಿ ನಮ್ಮ ಜಿಲ್ಲೆಯೂ ಕಷ್ಟಪಟ್ಟಿತು. ನೀರಿನಲ್ಲಿ ನಿಂತ ಕಾರನ್ನು ತೊಳೆದು, ಒಣಗಿಸಿ, ಹೊಸ ಸೀಟ್ ಕವರ್ ಹಾಕಿ ಮಾರುವುದು ದೊಡ್ಡ ವಿದ್ಯೆಯೇನಲ್ಲ. ಇಂಥ ಕಾರುಗಳಲ್ಲಿ ವೈರಿಂಗು, ಕನೆಕ್ಟರುಗಳು ಕಾರ್ಪೆಟ್ಟಿನ ಅಡಿಯಲ್ಲಿಯೇ ಹಾಯ್ದಿರುವುದರಿಂದ ನೀರು ಒಮ್ಮೆ ಒಳಹೊಕ್ಕರೆ ತೊಂದರೆ ವರ್ಷಗಟ್ಟಲೆ ಒಂದೊಂದಾಗಿ ಹೊರಬರುತ್ತದೆ. ಈ ಭಾಗದ ತಪಾಸಣೆಗೇ ನಾವು ಹೆಚ್ಚು ಹೊತ್ತು ಕೊಟ್ಟೆವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ಎಂದು ನೋಡಿದೆವು. ಬೆಲ್ಟಿನ ಮೇಲ್ಭಾಗವನ್ನು ಎಲ್ಲರೂ ಒರೆಸುತ್ತಾರೆ, ಒಳಗೆ ಸುತ್ತಿಕೊಂಡ ಭಾಗವನ್ನು ಒರೆಸುವವರು ಕಡಿಮೆ. ಮುಂದಿನ ಸೀಟುಗಳ ಹಳಿಗಳ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ ಬರುತ್ತದೆಯೇ, ಡಿಕ್ಕಿಯ ನೆಲದಡಿಯಲ್ಲಿ ಮುಖ್ಯ ಬ್ಯಾಟರಿ ಇರುವ ಜಾಗದಲ್ಲಿ ನೀರು ನಿಂತ ಕಲೆಗಳಿವೆಯೇ ಎಂದು ಟಾರ್ಚ್ ಹಿಡಿದು ಹುಡುಕಿದೆವು. ಎಲ್ಲವೂ ಒಣಗಿದ್ದವು, ಧೂಳು ಮಾತ್ರ ಇತ್ತು, ಮತ್ತು ಆ ಧೂಳು ವರ್ಷಗಳಿಂದ ಯಾರೂ ಕೈಯಾಡಿಸದೆ ಕೂತ ಸಹಜ ಧೂಳು. ಹೆಚ್ಚು ಸ್ವಚ್ಛವಾಗಿ ಹೊಳೆಯುವ ಡಿಕ್ಕಿಗಿಂತ ಇಂಥ ಡಿಕ್ಕಿಯನ್ನು ನಾನು ಹೆಚ್ಚು ನಂಬುತ್ತೇನೆ.

ಪೇಂಟಿನ ದಪ್ಪ ಅಳೆಯುವ ಯಂತ್ರ ಎಡಗಡೆಯ ಹಿಂಬಾಗಿಲಿನಲ್ಲಿ ಮಾತ್ರ ಹೆಚ್ಚಿನ ಸಂಖ್ಯೆ ತೋರಿಸಿತು. ಡೆಂಟಿಂಗ್, ಪೇಂಟಿಂಗ್ ಆದ ಬಾಗಿಲು; ಒಳಗಿನ ಕಂಬ ನೇರವಾಗಿತ್ತು. ಹದಿಮೂರು ವರ್ಷ ಮೀರಿದ ಕಾರಿನಲ್ಲಿ ಇಷ್ಟನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಮೀಟರಿನ ವಿಷಯಕ್ಕೆ ಬರೋಣ. 84 ಸಾವಿರ ಎಂಬ ಸಂಖ್ಯೆಯನ್ನು ವ್ಯಾಪಾರಿ ಮತ್ತೆ ಮತ್ತೆ ಹೇಳಿದರು, ಭಾವನವರಿಗೂ ಅದೇ ಹಿಡಿಸಿತ್ತು. ಮೀಟರ್ ಹಿಂದಕ್ಕೆ ತಿರುಗಿಸುವವರು ಮುಂದಿನ ಡಿಸ್‌ಪ್ಲೇಯಲ್ಲಿ ಅಂಕಿ ಬದಲಿಸಿದರೂ, ಕಾರಿನ ಬೇರೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ದೋಷ ದಾಖಲಾದಾಗ ಅದರ ಜೊತೆಗೆ ಆ ಹೊತ್ತಿನ ಕಿಲೋಮೀಟರೂ ಉಳಿದುಕೊಂಡಿರುತ್ತದೆ. ಮರ್ಸಿಡಿಸ್‌ಗೆ ಹೊಂದುವ ಸ್ಕ್ಯಾನರ್ ಹಾಕಿ ಅವನ್ನೆಲ್ಲ ಓದಿದಾಗ 84 ಸಾವಿರಕ್ಕೂ ಮೇಲಿನ ಅಂಕಿ ಎಲ್ಲಿಯೂ ಸಿಗಲಿಲ್ಲ. ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಚಾಲಕನ ಸೀಟಿನ ಅಂಚು ಇವುಗಳ ಸವೆತವೂ ಅದಕ್ಕೆ ತಾಳೆಯಾಯಿತು. ಮೀಟರ್ ಸತ್ಯವನ್ನೇ ಹೇಳುತ್ತಿದೆ ಎಂದು ಒಪ್ಪಿಕೊಂಡೆವು. ಆದರೆ ಈ ಸತ್ಯ ಅಷ್ಟೇನೂ ಸಂತೋಷದ್ದಲ್ಲ. ಕಂಪನಿ ಸರ್ವಿಸಿನ ಕೊನೆಯ ನಮೂದು 2018ರಲ್ಲಿ, 61 ಸಾವಿರ ಕಿಲೋಮೀಟರಿಗೆ. ಅಲ್ಲಿಂದ ಇಲ್ಲಿಯವರೆಗೆ ಕಾರು ಓಡಿದ್ದು 23 ಸಾವಿರ ಮಾತ್ರ, ಅಂದರೆ ಬಹಳ ಕಾಲ ನಿಂತೇ ಇತ್ತು. ನಿಂತ ಕಾರಿನಲ್ಲಿ ಆಯಿಲ್ ಹಳತಾಗುತ್ತದೆ, ರಬ್ಬರ್ ಸೀಲು ಮತ್ತು ಹೋಸುಗಳು ಬಿರುಸಾಗುತ್ತವೆ, ಬ್ಯಾಟರಿ ಸಾಯುತ್ತದೆ. ಟಯರುಗಳ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳು 3217. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುವುದರಿಂದ ಅವು 2017ರ 32ನೆಯ ವಾರದಲ್ಲಿ ತಯಾರಾದವು. ರಸ್ತೆಗೆ ತಾಗುವ ಗುಂಡಿ (ಟ್ರೆಡ್) ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೂ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು ಮೂಡಿವೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಕಾದ ರಸ್ತೆಯ ಮೇಲೆ ವೇಗವಾಗಿ ಓಡಿಸಲು ಅವು ಯೋಗ್ಯವಲ್ಲ. ಪ್ರತಿ ವರ್ಷದ ಬಿಲ್ಲು ಇಟ್ಟುಕೊಂಡು 1.4 ಲಕ್ಷ ಕಿಲೋಮೀಟರ್ ಓಡಿದ ಇ 250 ಸಿಕ್ಕರೆ, ಇದರ ಬದಲು ಅದನ್ನೇ ಆರಿಸಿಕೊಳ್ಳಿರೆಂದು ಭಾವನವರಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಕಡಿಮೆ ಓಡಿದ ಕಾರು ಎಂಬ ಮಾತಿಗೆ ನಮ್ಮ ಕಡೆ ಇರುವ ಬೆಲೆಯೇ ಬೇರೆ.

ಓಡಿಸಿ ನೋಡಲು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆಗೆ ಹೋದೆವು. ಈ ಮಾದರಿಯ ಮೊದಲ ಕಾರುಗಳಲ್ಲಿ 5 ಗೇರಿನ ಆಟೊಮ್ಯಾಟಿಕ್ ಇತ್ತು, ಈ ಕಾರಿನಲ್ಲಿರುವುದು ನಂತರ ಬಂದ 7 ಗೇರಿನದು. ಬದಲಾವಣೆ ಮೃದುವಾಗಿತ್ತು; ನಿಂತಲ್ಲಿ ರಿವರ್ಸಿನಿಂದ ಡ್ರೈವಿಗೆ ಹಾಕಿದಾಗ ಮಾತ್ರ ಹಿಂದಿನಿಂದ ಒಂದು ಸಣ್ಣ ಹೊಡೆತ ಬಂತು. ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಿದ ದಾಖಲೆ ಇಲ್ಲದಿರುವುದರಿಂದ, ಕೊಂಡ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಹಾಕಿಸಬೇಕು. ಹೆದ್ದಾರಿಯಲ್ಲಿ ಈ ಕಾರಿನ ನಡಿಗೆ ಹೇಗಿರುತ್ತದೆ ಎಂಬುದನ್ನು ಹೊಗಳದೆ ಇರಲಾರೆ: ಲಾರಿಗಳನ್ನು ಹಿಂದೆ ಹಾಕುವಾಗ ಆ 500 ನ್ಯೂಟನ್ ಮೀಟರ್ ಬಲ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಒಳಗೆ ಕೂತವರು ದನಿ ಏರಿಸದೆ ಮಾತನಾಡಬಹುದು, ಹಿಂದಿನ ಸೀಟಿನಲ್ಲಿ ಹಿರಿಯರು ಕಾಲು ಚಾಚಿ ಕೂರಬಹುದು. ಊರೊಳಗಿನ ರಸ್ತೆಗೆ ಬಂದಾಗ ಚಿತ್ರ ಬದಲಾಯಿತು. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನಮ್ಮ ಡಾಂಬರು ರಸ್ತೆಗಳು ಅಲೆಯಲೆಯಾಗಿ ಕೂತಿವೆ, ಬಣ್ಣವಿಲ್ಲದ ಹಂಪುಗಳ ಲೆಕ್ಕವೇ ಬೇರೆ. ಪ್ರತಿ ಉಬ್ಬಿಗೂ ಮುಂದಿನ ಎಡಗಡೆಯಿಂದ ಟಕ್ ಎಂಬ ಸದ್ದು ಕೇಳಿಸಿತು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಶ್‌ಗಳು ಹೋಗಿವೆ ಎಂದು ಮಿಸ್ತ್ರಿ ಕೆಳಗೆ ತೂರಿ ಕಬ್ಬಿಣದ ಸಲಾಕೆಯಿಂದ ಅಲ್ಲಾಡಿಸಿ ತೋರಿಸಿದರು. ಎಸಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಕಾರು ನಿಂತಿರುವಾಗ, ಎಂಜಿನ್ ನಿಧಾನದಲ್ಲಿ ತಿರುಗುವಾಗ ಪರೀಕ್ಷಿಸಬೇಕು. ಓಡುವಾಗ ಎಲ್ಲ ಎಸಿಗಳೂ ತಣ್ಣಗೇ ಇರುತ್ತವೆ. ಇದು ಚೆನ್ನಾಗಿಯೇ ತಂಪು ಕೊಟ್ಟಿತು.

ಕಾಗದಪತ್ರಗಳ ಬಗ್ಗೆ ವ್ಯಾಪಾರಿ "ಅದೆಲ್ಲಾ ನಾವೇ ಮಾಡಿಸಿಕೊಡ್ತೀವ್ರಿ" ಎಂದಷ್ಟೇ ಹೇಳಿದರು. ಬೇರೆ ರಾಜ್ಯದ ಕಾರಿಗೆ ಮೂಲ ಆರ್‌ಟಿಒ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬರಬೇಕು, ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಹಿಂದೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿದ್ದಕ್ಕೆ 35ನೆಯ ನಮೂನೆ ಬೇಕು, ಬಾಕಿ ಚಲನ್‌ಗಳನ್ನು ಕಟ್ಟಿರಬೇಕು. ನಂತರ ಕರ್ನಾಟಕದ ಆಜೀವ ತೆರಿಗೆ. ಹೊಸ ಕಾರಿನ ಬೆಲೆ 20 ಲಕ್ಷ ಮೀರಿದರೆ ಅದು 18 ಪ್ರತಿಶತ. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ಇಳಿಯುತ್ತದೆಯಾದರೂ, ಲೆಕ್ಕ ಶುರುವಾಗುವುದು ನಾವು ಕೊಡುವ ಬೆಲೆಯಿಂದಲ್ಲ, ಕಾರಿನ ಮೂಲ ಬೆಲೆಯಿಂದ. ಈ ಮೊತ್ತವನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ಬರೆದುಕೊಳ್ಳದೆ ಚೌಕಾಸಿಗೆ ಕೂರಬಾರದು. ಇದಲ್ಲದೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ 2012ರ ಕಾರಿಗೆ 2027ರಲ್ಲಿ ಫಿಟ್‌ನೆಸ್ ಪರೀಕ್ಷೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಮುಂದಿನ 5 ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ದೆಹಲಿಯಿಂದ ಬರುವ ಡೀಸೆಲ್ ಕಾರುಗಳು ಇನ್ನೂ ಅಗ್ಗ. 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಅಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ವಿಧಿಸಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೇ ಆ ಅಗ್ಗದ ಬೆಲೆಯ ಮೂಲ. ಅಂಥ ಕಾರಿಗೆ ಎನ್‌ಒಸಿ ಕೈಯಲ್ಲಿ ಹಿಡಿಯದೆ ಹತ್ತಿರವೂ ಹೋಗಬಾರದು.

ಕಲಬುರಗಿಯಲ್ಲಿ ಈ ಕಾರಿನ ಕೆಲಸ ಬಲ್ಲವರು ವಿರಳ. ಆಯಿಲ್, ಬ್ರೇಕ್ ಪ್ಯಾಡ್, ಬುಶ್ ಇವನ್ನು ಇಲ್ಲಿಯ ಒಳ್ಳೆಯ ಮಿಸ್ತ್ರಿ ಮಾಡಬಲ್ಲರು. ಗೇರ್‌ಬಾಕ್ಸ್, ಇಂಜೆಕ್ಟರ್, ಎಲೆಕ್ಟ್ರಾನಿಕ್ಸ್ ಎಂದರೆ 200 ಕಿಲೋಮೀಟರಿಗೂ ಆಚೆಗಿನ ಹೈದರಾಬಾದಿಗೇ ಹೋಗಬೇಕು, ಕಾರು ಓಡದೆ ನಿಂತರೆ ಲಾರಿಯ ಮೇಲೆ ಹೇರಬೇಕು. ತಿಂಗಳಿಗೊಮ್ಮೆಯಾದರೂ ವ್ಯಾಪಾರಕ್ಕೆ ಹೈದರಾಬಾದಿಗೆ ಹೋಗುವ ಭಾವನವರಂಥವರಿಗೆ ಇದು ನಿಭಾಯಿಸಬಹುದಾದ ತೊಂದರೆ. ಮನೆಯಲ್ಲಿ ಇದೊಂದೇ ಕಾರು ಇರುವವರು, ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ಹೊಲಕ್ಕೆ ಹೋಗುವವರೆಗೆ ಎಲ್ಲಕ್ಕೂ ಇದನ್ನೇ ನೆಚ್ಚುವವರು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ನಾಲ್ಕು ಟಯರು, ಬುಶ್ ಮತ್ತು ಆರ್ಮ್‌ಗಳು, ಬ್ಯಾಟರಿ, ಗೇರ್‌ಬಾಕ್ಸಿನ ಸರ್ವಿಸು, ಎಲ್ಲ ಆಯಿಲ್ ಮತ್ತು ಹೋಸುಗಳ ಬದಲಾವಣೆಗೆ ಹೈದರಾಬಾದಿನ ಗ್ಯಾರೇಜೊಂದರಲ್ಲಿ ವಿಚಾರಿಸಿದಾಗ ಬಂದ ಅಂದಾಜು ಸುಮಾರು ಎರಡು ಲಕ್ಷ, ತೆರಿಗೆ ಬೇರೆ. ಆ ಲೆಕ್ಕವನ್ನು ವ್ಯಾಪಾರಿಯ ಮುಂದಿಟ್ಟು ಐದೂವರೆ ಲಕ್ಷಕ್ಕೆ ಕೇಳಿದೆವು. ಅವರು ಆರೂಕಾಲಕ್ಕೆ ಇಳಿದು ನಿಂತಿದ್ದಾರೆ. ಆರು ಲಕ್ಷದೊಳಗೆ ಬಂದರೆ, ತೆಲಂಗಾಣದ ಎನ್‌ಒಸಿ ಭಾವನವರ ಹೆಸರಿಗೆ ಬಂದ ದಿನವೇ ಹಣ ಕೊಡುವುದೆಂದೂ ಅದಕ್ಕೆ ಮೊದಲು ಮುಂಗಡ ಕೊಡುವುದಿಲ್ಲವೆಂದೂ ತಿಳಿಸಿ ಬಂದಿದ್ದೇವೆ.