ಎಣ್ಣೆಗೆಂಪು ಮುಖಕ್ಕೆ ಕಪ್ಪೋ, ಕಂದೋ, ಮದರಂಗಿಯೋ?

ಎಣ್ಣೆಗೆಂಪು ಮುಖಕ್ಕೆ ಅಚ್ಚ ಕಪ್ಪು ಡೈ ಒಪ್ಪುವುದಿಲ್ಲ ಅನ್ನುವುದು ನನ್ನ ತೀರ್ಮಾನ. ಕಾಸರಗೋಡಿನ ಕುಂಬಳೆಯ ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಅತ್ತೆಗೆ ಕೂದಲು ಅಂದರೆ ಕಪ್ಪೇ.

ಮೊದಲು ಮೈಬಣ್ಣದ ವಿಷಯ. ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಚರ್ಮದಲ್ಲಿ ಹಳದಿ ಛಾಯೆ, ನೀಲಿಯಾಗಿ ಕಂಡರೆ ಗುಲಾಬಿ ಛಾಯೆ ಅಂತ ಹೇಳುತ್ತಾರೆ. ನನ್ನ ಕೈಯಲ್ಲಿ ನರವೇ ನೆಟ್ಟಗೆ ಕಾಣುವುದಿಲ್ಲ! ಕಾಸರಗೋಡಿನವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಕಪಾಟಿನಲ್ಲೇ ಇದೆ: ಓಣಂಗೆ ಉಡುವ ಕಸವು ಸೀರೆ. ಅದು ಬಿಳಿಯಲ್ಲ, ಕೆನೆ ಬಣ್ಣ. ಅದನ್ನೂ ಒಂದು ಅಚ್ಚ ಬಿಳಿ ಬಟ್ಟೆಯನ್ನೂ ಕಿಟಕಿ ಬೆಳಕಿನಲ್ಲಿ ಗಲ್ಲದ ಕೆಳಗೆ ಹಿಡಿದು ನೋಡಿ. ಕಸವಿಗೆ ಮುಖ ಕಳೆಗಟ್ಟಿದರೆ ಹೊನ್ನು, ತಾಮ್ರದ ಹೊಳಪಿರುವ ಕಂದು ಒಪ್ಪುತ್ತದೆ. ಅಚ್ಚ ಬಿಳಿಯೇ ಚೆಂದ ಕಂಡರೆ ಬರ್ಗಂಡಿಯಂಥ ನೇರಳೆಗೆಂಪು ಬಣ್ಣ. ನಾನು ಕಸವಿನ ಕಡೆ, ನನ್ನ ತಂಗಿ ಬಿಳಿಯ ಕಡೆ.

ಪೆಟ್ಟಿಗೆಯಲ್ಲಿ ಸಿಗುವ ಅಚ್ಚ ಕಪ್ಪು ನನ್ನ ಮುಖವನ್ನು ದಣಿದ ಹಾಗೆ ಕಾಣಿಸಿತು. ಹುಟ್ಟಿನಿಂದ ಬಂದ ಕಪ್ಪು ಕೂದಲೂ ಬಿಸಿಲಿಗೆ ಸ್ವಲ್ಪ ಕಂದಾಗಿ ಹೊಳೆಯುತ್ತದೆ, ಡೈ ಹೊಳೆಯುವುದಿಲ್ಲ. ಕಣ್ಣಿನ ಕೆಳಗಿನ ಕಪ್ಪೆಲ್ಲ ಎದ್ದು ಕಾಣುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಬೈತಲೆಯಲ್ಲಿ ಬೇಗನೆ ಬಿಳಿ ಗೆರೆ ಬೇರೆ.

ಬರೀ ಮದರಂಗಿ ಕಪ್ಪು ಕೂದಲನ್ನು ಬದಲಿಸುವುದಿಲ್ಲ, ಬಿಳಿ ಕೂದಲನ್ನು ಮಾತ್ರ ಕೇಸರಿ ಮಾಡುತ್ತದೆ. ಒಂದೆರಡು ದಿನದಲ್ಲಿ ಅದು ಸ್ವಲ್ಪ ಗಾಢವಾಗುತ್ತದೆ. ಅಲ್ಲಲ್ಲಿ ನಾಲ್ಕು ಬಿಳಿ ಎಳೆ ಇದ್ದವರಿಗೆ ಇದು ನಿಜಕ್ಕೂ ಚೆಂದ. ನನ್ನ ಹಾಗೆ ಕೆನ್ನೆಪಕ್ಕ ಪೂರ್ತಿ ನರೆತವರಿಗೆ ಬೇಡ.

ನನಗೆ ಹಿಡಿಸಿದ್ದು ಮದರಂಗಿಯ ಮೇಲೆ ನೀಲಯಮರಿ, ಅಂದರೆ ನೀಲಿ ಗಿಡದ (ಇಂಡಿಗೋ) ಎಲೆ. ಇಲ್ಲಿನ ಆಯುರ್ವೇದ ಅಂಗಡಿಗಳಲ್ಲಿ ಪುಡಿ ಸಿಗುತ್ತದೆ. ಮದರಂಗಿಯನ್ನು ಎರಡು ಮೂರು ಗಂಟೆ ಇಟ್ಟು, ಶಾಂಪೂ ಹಾಕದೆ ತೊಳೆಯಬೇಕು. ನೀಲಯಮರಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಚಿಟಿಕೆ ಉಪ್ಪು ಹಾಕಿ ಕಲಸಿ, ಹತ್ತು ಹದಿನೈದು ನಿಮಿಷದಲ್ಲೇ ಹಚ್ಚಬೇಕು. ಮದರಂಗಿಯ ಹಾಗೆ ರಾತ್ರಿಯಿಡೀ ನೆನೆಸಿದರೆ ಕಸುವು ಹೋಗುತ್ತದೆ. ಅರ್ಧ ಗಂಟೆಗೆ ತೊಳೆದರೆ ಕಂದು, ಒಂದು ಗಂಟೆ ದಾಟಿದರೆ ಕಪ್ಪಿನ ಹತ್ತಿರ. ತೊಳೆದ ಕೂಡಲೇ ಹಸಿರು ಹಸಿರಾಗಿ ಕಂಡರೆ ಹೆದರಬೇಡಿ, ಮರುದಿನಕ್ಕೆ ಸರಿಹೋಗುತ್ತದೆ. ಎರಡು ದಿನ ತಲೆಗೆ ಎಣ್ಣೆ, ಶಾಂಪೂ ಮುಟ್ಟಿಸಬಾರದು. ತೆಂಗಿನೆಣ್ಣೆ ಬಿಟ್ಟಿರಲಾರದ ನಮಗೆ ಅದೇ ಕಷ್ಟ, ಅಲ್ವಾ? ಇಡೀ ಭಾನುವಾರ ಹೋಗುತ್ತದೆ. ಜೂನ್, ಜುಲೈ ಮಳೆಯಲ್ಲಿ ಅಷ್ಟು ಹೊತ್ತು ಒದ್ದೆ ತಲೆಯಲ್ಲಿ ಕೂತರೆ ಚಳಿಗೆ ನಡುಗುವುದೇ. ಮುಂದೆ ಬ್ಲೀಚ್ ಮಾಡಿಸುವ ಆಸೆ ಇದ್ದರೂ ಇದು ಬೇಡ, ಕೂದಲು ಹಸಿರಾಗಬಹುದು.

ಬರ್ಗಂಡಿಯನ್ನು ನನಗೆ ಹಚ್ಚಿಸಿದ್ದು ಒಂದು ಪಾರ್ಲರ್. ಬಣ್ಣ ತೋರಿಸುವ ಕಾರ್ಡಿನಲ್ಲಿ ಚೆಂದವೇ ಇತ್ತು. ಆದರೆ ಆ ಕಾರ್ಡಿನ ಎಳೆಗಳು ತಿಳಿ ಬಣ್ಣದವು. ನನ್ನ ಕಪ್ಪು ಕೂದಲಲ್ಲಿ ಬಿಸಿಲಿಗೆ ಒಂದಿಷ್ಟು ಹೊಳಪು ಬಿಟ್ಟರೆ ಏನೂ ಕಾಣಲಿಲ್ಲ, ಬಿಳಿ ಕೂದಲು ಮಾತ್ರ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು. ಅದೇ ಬಣ್ಣ ತಂಗಿಗೆ ಎಷ್ಟು ಒಪ್ಪಿತೆಂದರೆ ಹೊಟ್ಟೆಕಿಚ್ಚಾಯಿತು. ಅವಳಿಗೆ ನರೆಯೇ ಇಲ್ಲ, ಬರೀ ಆ ಹೊಳಪು.

ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ನನಗೆ ಪೆಟ್ಟಿಗೆಯ ಕಂದೇ ಗತಿ. ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ 3 ಅಂದರೆ ಕಡು ಕಂದು, 4 ಕಂದು, 5 ತಿಳಿ ಕಂದು. ಚುಕ್ಕಿಯ ನಂತರದ ಅಂಕಿ ಹೊಳಪಿನದ್ದು, ಹಲವು ಕಂಪನಿಗಳಲ್ಲಿ .3 ಅಂದರೆ ಹೊನ್ನು. ನನಗೆ 4 ಸರಿ. 5 ಹಚ್ಚಿದರೆ ನರೆ ಎದ್ದು ಕಾಣುತ್ತದೆ.

ಕಪ್ಪಾಗಲಿ ಕಂದಾಗಲಿ, ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವುದು ಜಾಸ್ತಿ. ಕೆಲವರಿಗೆ ಅದರಿಂದ ತುರಿಕೆ, ಊತ ಬರುತ್ತದೆ. ‘ಕಪ್ಪು ಮೆಹಂದಿ’ ಅಂತ ಮಾರುವ ಪ್ಯಾಕೆಟ್‌ಗಳಲ್ಲೂ ಇರಬಹುದು. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಮದುವೆ ಶನಿವಾರ ಇದ್ದರೆ ಪೆಟ್ಟಿಗೆಯನ್ನು ಮಂಗಳವಾರವೇ ತಂದಿಡುವುದು ಒಳ್ಳೆಯದು.