ಸೊನ್ನೆ ಬಿಲ್ ಬರಬೇಕಾದರೆ ಮೊದಲು ಮನೆಗೊಂದು ಮೀಟರ್ ಬೇಕು: ಗೃಹಜ್ಯೋತಿಯ ನನ್ನ ಅನುಭವ

ಪೀಣ್ಯದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ ನನ್ನದು. ಲಗ್ಗೆರೆಯಲ್ಲಿ ಬಾಡಿಗೆಗಿದ್ದೇವೆ, ನಾನು, ಅತ್ತೆ, ಪಿಯುಸಿ ಓದುವ ಮಗಳು. ಮನೆಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈನಿಂದಲೇ ಜಾರಿಗೆ ಬಂತು. ನನಗೆ ಮೊದಲ ಸೊನ್ನೆ ಬಿಲ್ ಸಿಕ್ಕಿದ್ದು ಮಾತ್ರ 2024ರ ದಸರಾ ಕಳೆದ ಮೇಲೆ.

ಯಾಕೆಂದರೆ ಹಳೇ ಮನೆಯಲ್ಲಿ ನಾಲ್ಕು ಸಂಸಾರಕ್ಕೆ ಸೇರಿ ಇದ್ದದ್ದು ಒಂದೇ ಮೀಟರ್. ಒಳಗೆ ಓನರ್ ಹಾಕಿಸಿದ ಸಬ್‌ಮೀಟರ್, ಯೂನಿಟ್‌ಗೆ 10 ರೂಪಾಯಿ. ಮನೆ ಬಳಕೆಯ ದರ 5 ರೂಪಾಯಿ 90 ಪೈಸೆ ಇದ್ದಾಗಲೂ ಅಷ್ಟೇ. ತಿಂಗಳಿಗೆ 600 ರೂಪಾಯಿ ಎಣಿಸಿ ಕೊಡುತ್ತಿದ್ದೆ. ಅರ್ಜಿ ಹಾಕೋಣವೆಂದರೆ ನಮ್ಮ ಪಾಲಿಗೆ ಬೇರೆ ಸಂಪರ್ಕವೇ ಇಲ್ಲ. ಕೊನೆಗೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲವೆಂದು ಪ್ರತ್ಯೇಕ ಮೀಟರ್ ಇರುವ ಈ ಮನೆಗೆ ಬಂದೆವು.

ಇಲ್ಲಿ ಇನ್ನೊಂದು ತೊಡಕು. ಮುಂಚೆ ಇದ್ದ ಬಾಡಿಗೆದಾರರ ಆಧಾರ್ ಈ ಮೀಟರ್‌ಗೆ ಜೋಡಣೆಯಾಗಿಯೇ ಉಳಿದಿತ್ತು. ಅವರು ಡಿ-ಲಿಂಕ್ ಮಾಡುವವರೆಗೆ, ಅಂದರೆ ಆ ಜೋಡಣೆ ತೆಗೆಸುವವರೆಗೆ, ನನ್ನ ಅರ್ಜಿ ಹೋಗಲಿಲ್ಲ. ಅವರ ನಂಬರ್ ಹುಡುಕಿ, ಹೇಳಿ, ಮಾಡಿಸುವಷ್ಟರಲ್ಲಿ ಎರಡು ಬಿಲ್ ಕಟ್ಟಿದ್ದೆ. ಮನೆ ಖಾಲಿ ಮಾಡುವವರು ದಯವಿಟ್ಟು ಇದೊಂದನ್ನು ಮುಗಿಸಿ ಹೋಗಿ. ಆಮೇಲಿನ ನೋಂದಣಿ ಕಷ್ಟವಲ್ಲ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ಆಧಾರ್ ಮತ್ತು ಬಿಲ್‌ನಲ್ಲಿರುವ ಅಕೌಂಟ್ ಐಡಿ ಹಾಕಿ ಮಗಳು ಫೋನ್‌ನಲ್ಲೇ ಮುಗಿಸಿದಳು.

ಈಗ ಲೆಕ್ಕಕ್ಕೆ ಬರುತ್ತೇನೆ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದರ ಮೇಲೆ ಶೇಕಡಾ 10 ಸೇರಿಸಿ ಕೊಡುತ್ತಾರೆ. ಸರಾಸರಿ 48ರೊಳಗಿದ್ದರೆ 10 ಯೂನಿಟ್ ಸೇರಿಸುತ್ತಾರೆ. ನಮ್ಮದು ಹೊಸ ಕಟ್ಟಡ, ಹಳೇ ಲೆಕ್ಕವಿಲ್ಲ. ಹಾಗಾಗಿ ರಾಜ್ಯದ ಸರಾಸರಿ 53ರ ಮೇಲೆ ಶೇಕಡಾ 10 ಸೇರಿ 58 ಯೂನಿಟ್. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್.

ಎರಡು ಲೈಟು, ಒಂದು ಫ್ಯಾನು, ಟಿವಿ, ಮಿಕ್ಸಿಗೆ 58 ಸಾಕು. ಸಾಲದಾಗುವುದು ಸ್ನಾನದ ನೀರಿಗೆ. ನಮ್ಮ ಹೀಟರ್ ಕಾಯಿಲ್ 1500 ವ್ಯಾಟಿನದು, 40 ನಿಮಿಷ ಬಕೆಟ್‌ನಲ್ಲಿಟ್ಟರೆ ಒಂದು ಯೂನಿಟ್ ಹೋಯಿತು. ದಿನಾ ಇಟ್ಟರೆ ತಿಂಗಳಿಗೆ 30, ಅಂದರೆ ಅರ್ಧ ಪಾಲು. ಚಳಿಗಾಲದಲ್ಲಿ ಒಂದು ತಿಂಗಳು 71ಕ್ಕೆ ಹೋಯಿತು. ಹೆಚ್ಚಿಗೆಯಾದ 13 ಯೂನಿಟ್‌ಗೆ ನೂರು ರೂಪಾಯಿಯೊಳಗೇ ಮುಗಿಯಿತು. ಅದಕ್ಕೆ ಬೇಜಾರಿಲ್ಲ.

ಬೇಜಾರಿರುವುದು ಬೇರೆ ವಿಷಯಕ್ಕೆ. ಮೊದಲೇ 170 ಯೂನಿಟ್ ಉರಿಸುತ್ತಿದ್ದ ಮನೆಗೆ ಈಗ 187 ಉಚಿತ. ದುಡ್ಡಿಲ್ಲವೆಂದು ಕೈಹಿಡಿದು 30ರಲ್ಲಿ ಸಂಸಾರ ಮಾಡಿದವರಿಗೆ 40. ಬಡತನಕ್ಕೆ ಉಳಿಸಿದವರಿಗೇ ಕಡಿಮೆ ಸಿಗುವುದು ನ್ಯಾಯವಲ್ಲ. ಎಲ್ಲರಿಗೂ ಒಂದೇ ಅಳತೆ ಇಡಬೇಕು, ನೂರು ಯೂನಿಟ್ ಅಂದರೂ ಆದೀತು.

ಆದರೂ ಈ ಯೋಜನೆ ಬೇಕೇ ಬೇಕು. ಹಳೇ ಮನೆಯಲ್ಲಿ ಏಪ್ರಿಲ್ ಬಂದರೆ ಅತ್ತೆ ಮಧ್ಯಾಹ್ನ ಫ್ಯಾನ್ ಆರಿಸಿ, ನೆಲ ಒರೆಸಿಕೊಂಡು ಒದ್ದೆ ಟವೆಲ್ ಎದೆ ಮೇಲೆ ಹಾಕಿ ಮಲಗುತ್ತಿದ್ದರು. ಮೇಲೆ ಶೀಟು, ಒಳಗೆ ಒಲೆಯಂಥ ಕಾವು. "ನೀನು ದುಡಿಯೋದು ಮೀಟರ್‌ಗಾ?" ಅನ್ನುತ್ತಿದ್ದರು. ಈಗ ಫ್ಯಾನ್ ತಿರುಗುತ್ತದೆ, ಅವರು ನಿದ್ದೆ ಮಾಡುತ್ತಾರೆ. ಉಳಿದ ದುಡ್ಡಲ್ಲಿ ತಿಂಗಳಿಗೆ 500ರ ಚೀಟಿ ಹಾಕಿದ್ದೇನೆ, ಮಗಳ ಡಿಗ್ರಿ ಫೀಸಿಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಹಳೇ ವಠಾರದಲ್ಲಿರುವ ಮೂರು ಸಂಸಾರಕ್ಕೂ ಮೀಟರ್ ಬಂದ ದಿನ ಕೊಡುತ್ತೇನೆ. ಅವರು ಈಗಲೂ ಯೂನಿಟ್‌ಗೆ 10 ರೂಪಾಯಿಯಂತೆ ಕಟ್ಟುತ್ತಿದ್ದಾರೆ.